ಕ್ಲೇರ್ ಮನೆತನದ ವಂಶಾವಳಿ: ಸೊಸೆಯರು ತಂದದ್ದು, ಹೆಣ್ಣುಮಕ್ಕಳು ಒಯ್ದದ್ದು

ಫ್ರಾನ್ಸಿನ ನಾರ್ಮಂಡಿಯಿಂದ ಬಂದು ಇಂಗ್ಲೆಂಡಿನಲ್ಲಿ ನೆಲೆಸಿದ ಆಂಗ್ಲೋ-ನಾರ್ಮನ್ ಕುಲೀನ ಮನೆತನಗಳಲ್ಲಿ ಕ್ಲೇರ್ ಮನೆತನದಷ್ಟು ಓದುಗರನ್ನು ತಬ್ಬಿಬ್ಬುಗೊಳಿಸುವ ವಂಶಾವಳಿಯನ್ನು ನಾನು ಇನ್ನೊಂದು ಕಂಡಿಲ್ಲ. ಗಿಲ್ಬರ್ಟನ ಮಗ ರಿಚರ್ಡ್, ರಿಚರ್ಡನ ಮಗ ಗಿಲ್ಬರ್ಟ್, ಅವನ ಮಗ ಮತ್ತೆ ರಿಚರ್ಡ್ ಎಂದು ತಾತನ ಹೆಸರು ಮೊಮ್ಮಗನಿಗೆ ಬರುತ್ತಲೇ ಹೋಗುತ್ತದೆ. ನಡುವೆ ರೋಜರ್ ಎಂಬವನೊಬ್ಬ ಸಿಕ್ಕಾಗ ಉಸಿರು ಬಂದಂತಾಗುತ್ತದೆ. ಆದರೆ ಹೆಸರುಗಳ ಗೊಂದಲಕ್ಕಿಂತ ದೊಡ್ಡ ತೊಡಕು ಬೇರೆಯೇ ಇದೆ. ವಂಶವೃಕ್ಷಗಳು ಸಾಮಾನ್ಯವಾಗಿ ತಂದೆಯಿಂದ ಮಗನಿಗೆ ಗೆರೆ ಎಳೆಯುತ್ತವೆ. ಈ ಮನೆತನದ ಭೂಮಿ ಮತ್ತು ಪದವಿಗಳಲ್ಲಿ ಬಹುಪಾಲು ಬಂದದ್ದು ಸೊಸೆಯರಿಂದ, ಕೊನೆಗೆ ಹೋದದ್ದು ಹೆಣ್ಣುಮಕ್ಕಳ ಜೊತೆಗೆ.

ಮೂಲಪುರುಷರ ಕತೆಯನ್ನು ಬೇಗ ಮುಗಿಸಬಹುದು. ನಾರ್ಮಂಡಿಯ ಡ್ಯೂಕ್ ಒಂದನೆಯ ರಿಚರ್ಡನಿಗೆ ವಿವಾಹಬಾಹಿರವಾಗಿ ಹುಟ್ಟಿದ ಗಾಡ್‌ಫ್ರೆ ಎಂಬ ಮಗನಿದ್ದ. ಅವನ ಮಗನಾದ ಬ್ರಿಯೋನ್‌ನ ಕೌಂಟ್ ಗಿಲ್ಬರ್ಟ್, ಬಾಲಕ ಡ್ಯೂಕ್ ವಿಲಿಯಮನ ಪೋಷಕರಲ್ಲಿ ಒಬ್ಬನಾಗಿದ್ದು, ಸುಮಾರು 1040ರಲ್ಲಿ ಕೊಲೆಯಾದ. ಫ್ಲಾಂಡರ್ಸ್‌ಗೆ ಓಡಿಹೋಗಿ ಬದುಕುಳಿದ ಅವನ ಮಕ್ಕಳಲ್ಲಿ ಒಬ್ಬನಾದ ರಿಚರ್ಡನಿಗೆ, 1066ರಲ್ಲಿ ಇಂಗ್ಲೆಂಡನ್ನು ಗೆದ್ದ ನಂತರ ಅದೇ ವಿಲಿಯಂ ಅಲ್ಲಿ ಸಫೋಕ್‌ನ ಕ್ಲೇರ್ ಮತ್ತು ಕೆಂಟ್‌ನ ಟನ್‌ಬ್ರಿಡ್ಜ್ ಹಿಡುವಳಿಗಳನ್ನು ಕೊಟ್ಟ. ವಿಲಿಯಂ ಮಾಡಿಸಿದ ಭೂಸಮೀಕ್ಷೆಯಾದ 1086ರ ಡೂಮ್ಸ್‌ಡೇ ದಾಖಲೆ ಸಿದ್ಧವಾಗುವ ಹೊತ್ತಿಗೆ ಈತ ದೊಡ್ಡ ಭೂಮಾಲೀಕರ ಸಾಲಿನಲ್ಲಿದ್ದ. ಇವನ ಮಕ್ಕಳ ಪೈಕಿ ಗಿಲ್ಬರ್ಟ್ ಕ್ಲೇರ್ ಮತ್ತು ಟನ್‌ಬ್ರಿಡ್ಜ್‌ಗಳನ್ನು ಪಡೆದ. ವಾಲ್ಟರ್ 1131ರಲ್ಲಿ ಟಿಂಟರ್ನ್ ಮಠವನ್ನು ಸ್ಥಾಪಿಸಿದ. ರಾಬರ್ಟನ ಸಂತತಿಯೇ ಫಿಟ್ಜ್‌ವಾಲ್ಟರ್ ಮನೆತನ.

ಗಿಲ್ಬರ್ಟನ ಇಬ್ಬರು ಗಂಡುಮಕ್ಕಳಿಂದ ಮನೆತನ ಎರಡಾಯಿತು. ಹಿರಿಯ ರಿಚರ್ಡ್ 1136ರಲ್ಲಿ ವೇಲ್ಸ್‌ನವರ ಕೈಯಲ್ಲಿ ಹತನಾದ. ಅವನ ಮಕ್ಕಳು ಹರ್ಟ್‌ಫರ್ಡ್‌ನ ಅರ್ಲ್‌ಗಳಾದರು (ಅರ್ಲ್ ಎಂದರೆ ಒಂದು ಉನ್ನತ ಕುಲೀನ ಪದವಿ). ಕಿರಿಯ ಗಿಲ್ಬರ್ಟನನ್ನು ದೊರೆ ಸ್ಟೀಫನ್ 1138ರಲ್ಲಿ ಪೆಂಬ್ರೋಕ್‌ನ ಅರ್ಲ್ ಮಾಡಿದ. ಈ ಕಿರಿಯ ಶಾಖೆಯ ಮಗನೇ ಸ್ಟ್ರಾಂಗ್‌ಬೋ ಎಂದು ಹೆಸರಾದ ರಿಚರ್ಡ್. ಎರಡನೆಯ ಹೆನ್ರಿ ತಂದೆಯ ಅರ್ಲ್ ಪದವಿಯನ್ನು ಇವನಿಗೆ ಮಾನ್ಯಮಾಡದಿದ್ದಾಗ ಐರ್ಲೆಂಡಿಗೆ ಹೊರಟ ಈತ 1170ರಲ್ಲಿ ವಾಟರ್‌ಫರ್ಡ್ ಪಟ್ಟಣವನ್ನು ಗೆದ್ದು, ಅಲ್ಲಿಯೇ ಲೆನ್‌ಸ್ಟರ್ ರಾಜ ಡರ್ಮಟ್ ಮ್ಯಾಕ್‌ಮರೋನ ಮಗಳು ಈಫಾಳನ್ನು ಮದುವೆಯಾದ. ಮಗಳ ಮೂಲಕ ಅಳಿಯನಿಗೆ ರಾಜ್ಯ ಹೋಗುವುದು ಐರಿಷ್ ಸಂಪ್ರದಾಯಕ್ಕೆ ಒಪ್ಪುವ ಸಂಗತಿಯಲ್ಲ; ನಾರ್ಮನ್ನರ ಲೆಕ್ಕದಲ್ಲಿ ಮಾತ್ರ ಅದು ಸಹಜ ಉತ್ತರಾಧಿಕಾರವಾಗಿತ್ತು. ಸ್ಟ್ರಾಂಗ್‌ಬೋ 1176ರಲ್ಲಿ ತೀರಿಕೊಂಡ, ಅವನ ಮಗ ಪ್ರಾಯಕ್ಕೆ ಬರುವ ಮೊದಲೇ ಸತ್ತ. ಉಳಿದ ಮಗಳು ಇಸಬೆಲ್‌ಳನ್ನು 1189ರಲ್ಲಿ ಮದುವೆಯಾದವನು ವಿಲಿಯಂ ಮಾರ್ಷಲ್. ಅಲ್ಲಿಯವರೆಗೆ ಹೆಚ್ಚಿನ ಭೂಮಿಯಿಲ್ಲದೆ ಕತ್ತಿಯ ಬಲದಿಂದಲೇ ಮೇಲೆ ಬಂದಿದ್ದ ಆ ಯೋಧ ಒಂದೇ ಮದುವೆಯಿಂದ ದೇಶದ ಅಗ್ರ ಶ್ರೀಮಂತರಲ್ಲಿ ಒಬ್ಬನಾದ.

ಹೆಚ್ಚಿನ ವಂಶವೃಕ್ಷಗಳು ಪೆಂಬ್ರೋಕ್ ಶಾಖೆಯನ್ನು ಇಲ್ಲಿಗೆ ಮುಗಿಸಿಬಿಡುತ್ತವೆ. ನನ್ನ ದೃಷ್ಟಿಯಲ್ಲಿ ಸ್ವಾರಸ್ಯ ಶುರುವಾಗುವುದೇ ಇಲ್ಲಿಂದ. ಮಾರ್ಷಲ್ ದಂಪತಿಗೆ ಐವರು ಗಂಡುಮಕ್ಕಳು, ಐವರು ಹೆಣ್ಣುಮಕ್ಕಳು. ಗಂಡುಮಕ್ಕಳು ಒಬ್ಬರಾದ ಮೇಲೊಬ್ಬರು ಅರ್ಲ್ ಪದವಿಗೆ ಬಂದು, ನ್ಯಾಯಸಮ್ಮತ ಸಂತಾನವಿಲ್ಲದೆ 1245ರೊಳಗೆ ಎಲ್ಲರೂ ತೀರಿಹೋದರು. ಗಂಡುಸಂತತಿ ಇದ್ದರೆ ಹಿರಿಯವನಿಗೇ ಎಲ್ಲವೂ, ಇಲ್ಲದಿದ್ದರೆ ಹೆಣ್ಣುಮಕ್ಕಳಿಗೆ ಸಮಪಾಲು ಎಂಬುದು ಇಂಗ್ಲಿಷ್ ಕಾನೂನು. ಹಾಗಾಗಿ ಆಸ್ತಿ ಐದು ಪಾಲಾಯಿತು. ಆ ಐವರಲ್ಲಿ ಒಬ್ಬಳಾದ ಕಿರಿಯ ಇಸಬೆಲ್‌ಳ ಗಂಡ ಕ್ಲೇರ್ ಮನೆತನದ ಹಿರಿಯ ಶಾಖೆಯ ಗಿಲ್ಬರ್ಟ್. ಅವಳ ಪಾಲಿಗೆ ಬಂದ ಐರ್ಲೆಂಡಿನ ಕಿಲ್ಕೆನಿ ಅವಳ ಮಗ ರಿಚರ್ಡನಿಗೆ ಸೇರಿತು. ಸ್ಟ್ರಾಂಗ್‌ಬೋನ ಆಸ್ತಿಯ ಐದನೆಯ ಒಂದು ಭಾಗ ಎರಡು ಹೆಣ್ಣು ತಲೆಮಾರುಗಳ ದಾರಿಯಲ್ಲಿ ಸುತ್ತಿ ದೊಡ್ಡಪ್ಪನ ವಂಶದ ಮನೆಗೆ ಬಂದದ್ದು ಹೀಗೆ.

ಅದೇ ಗಿಲ್ಬರ್ಟನಿಗೆ ಗ್ಲಾಸ್ಟರ್‌ನ ಅರ್ಲ್ ಪದವಿ ಬಂದದ್ದು ತಾಯಿ ಅಮೀಸ್‌ಳಿಂದ. ಒಂದನೆಯ ಹೆನ್ರಿಯ ವಿವಾಹಬಾಹಿರ ಮಗ ರಾಬರ್ಟನ ಮೊಮ್ಮಗಳಾದ ಅವಳ ತಂಗಿ, ದೊರೆ ಜಾನನ ಮೊದಲ ಹೆಂಡತಿ. ಆ ತಂಗಿ 1217ರಲ್ಲಿ ಮಕ್ಕಳಿಲ್ಲದೆ ತೀರಿಕೊಂಡ ಮೇಲೆಯೇ ಗ್ಲಾಸ್ಟರ್ ಮತ್ತು ವೇಲ್ಸ್‌ನ ಗ್ಲಮೋರ್ಗನ್ ಕ್ಲೇರ್ ಮನೆಗೆ ಸೇರಿದವು. ಗಿಲ್ಬರ್ಟ್ ಮತ್ತು ಅವನ ತಂದೆ ರಿಚರ್ಡ್ ಇಬ್ಬರೂ, ದೊರೆ ಜಾನನ ಅಧಿಕಾರಕ್ಕೆ ಮಿತಿ ಹಾಕಿದ 1215ರ ಮ್ಯಾಗ್ನಾ ಕಾರ್ಟಾ ಸನ್ನದಿನ ಪಾಲನೆಯನ್ನು ನೋಡಿಕೊಳ್ಳಲು ಆಯ್ಕೆಯಾದ ಇಪ್ಪತ್ತೈದು ಬ್ಯಾರನ್‌ಗಳಲ್ಲಿದ್ದರು.

ಕೇರ್‌ಫಿಲಿ ಕೋಟೆಯನ್ನು 1268ರಲ್ಲಿ ಕಟ್ಟಲಾರಂಭಿಸಿದ, ಕೆಂಪು ಕೂದಲಿನಿಂದ ಹೆಸರಾದ ಗಿಲ್ಬರ್ಟ್, ಅಮೀಸ್‌ಳ ಮಗ ಗಿಲ್ಬರ್ಟನ ಮೊಮ್ಮಗ. ಮೊದಲ ಮದುವೆ ಅಸಿಂಧುವಾದ ಮೇಲೆ ಅವನು 1290ರಲ್ಲಿ ಒಂದನೆಯ ಎಡ್ವರ್ಡನ ಮಗಳು ಜೋನ್‌ಳನ್ನು ವರಿಸಿದ. ಅದಕ್ಕೆ ತೆತ್ತ ಬೆಲೆ ಸಣ್ಣದಲ್ಲ: ತನ್ನ ಎಲ್ಲ ಭೂಮಿಯನ್ನೂ ಮಾವನಿಗೆ ಒಪ್ಪಿಸಿ, ತನಗೂ ಜೋನ್‌ಗೂ ಜಂಟಿಯಾಗಿ, ಅವಳ ಸಂತತಿಗೆ ಸಲ್ಲುವಂತೆ ಮರಳಿ ಪಡೆಯಬೇಕಾಯಿತು. ಮೊದಲ ಹೆಂಡತಿಯ ಇಬ್ಬರು ಹೆಣ್ಣುಮಕ್ಕಳು ಆ ಕ್ಷಣದಲ್ಲೇ ಉತ್ತರಾಧಿಕಾರದಿಂದ ಹೊರಗುಳಿದರು. ಗಂಡ 1295ರಲ್ಲಿ ಸತ್ತ ನಂತರ ಜೋನ್ ತನ್ನ ಸೇವೆಯಲ್ಲಿದ್ದ ರಾಲ್ಫ್ ಡಿ ಮಾಂಥರ್ಮರ್‌ನನ್ನು ಗುಟ್ಟಾಗಿ ಮದುವೆಯಾದಳು. ಅವಳು ಬದುಕಿರುವವರೆಗೆ ಅವನೇ ಗ್ಲಾಸ್ಟರ್‌ನ ಅರ್ಲ್ ಎನಿಸಿಕೊಂಡದ್ದರಿಂದ, ಅರ್ಲ್‌ಗಳ ಪಟ್ಟಿಯನ್ನೇ ವಂಶಾವಳಿ ಎಂದು ಭಾವಿಸುವವರು ಇಲ್ಲಿ ಎಡವುತ್ತಾರೆ.

ಜೋನ್‌ಳ ಮಗ, ಕೊನೆಯ ಗಿಲ್ಬರ್ಟ್, 1314ರ ಜೂನ್ 24ರಂದು ಸ್ಕಾಟರ ವಿರುದ್ಧದ ಬ್ಯಾನಕ್‌ಬರ್ನ್ ಯುದ್ಧದಲ್ಲಿ ಮಕ್ಕಳಿಲ್ಲದೆ ಸತ್ತ. ವಿಧವೆ ಮಾಡ್ ತಾನು ಗರ್ಭಿಣಿ ಎಂದು ಹೇಳಿಕೊಂಡಳು. ಹೇಳಿಕೆ ಎರಡು ವರ್ಷ ದಾಟಿದರೂ ನಿಂತಿತ್ತು. ಯಾವ ಸೂಲಗಿತ್ತಿಯೂ ನಂಬಲಾರದ ಈ ವಾದವನ್ನು ಆಸ್ಥಾನ ಅಷ್ಟು ಕಾಲ ಸಹಿಸಿದ್ದು, ಆಸ್ತಿಯನ್ನು ಹಂಚದೆ ತನ್ನ ವಶದಲ್ಲಿಟ್ಟುಕೊಳ್ಳುವುದು ದೊರೆಗೂ ಲಾಭವಾಗಿದ್ದುದರಿಂದ ಎಂದು ನನ್ನ ಅನಿಸಿಕೆ. ಕಡೆಗೆ 1317ರಲ್ಲಿ ಮೂವರು ಸೋದರಿಯರಿಗೆ ಪಾಲಾಯಿತು. ಎಲಿನರ್‌ಳ ಗಂಡ ಕಿರಿಯ ಹ್ಯೂ ಡೆಸ್ಪೆನ್ಸರ್‌ಗೆ ಗ್ಲಮೋರ್ಗನ್ ಸಿಕ್ಕಿತು. ಮಾರ್ಗರೆಟ್‌ಳ ಎರಡನೆಯ ಗಂಡ ಹ್ಯೂ ಆಡ್ಲಿಗೆ ನ್ಯೂಪೋರ್ಟ್. ಎಲಿಜಬೆತ್‌ಗೆ ಕ್ಲೇರ್ ಮತ್ತು ಅಸ್ಕ್. ಷಡ್ಡಕರ ಪಾಲಿನ ಮೇಲೂ ಡೆಸ್ಪೆನ್ಸರ್ ಕೈಹಾಕಿದ್ದೇ 1321ರ ಅಂತಃಕಲಹದ ಮುಖ್ಯ ಕಾರಣಗಳಲ್ಲೊಂದು.

ಮೂವರಲ್ಲಿ ನನಗೆ ಎಲಿಜಬೆತ್ ಮುಖ್ಯಳಾಗಿ ಕಾಣುತ್ತಾಳೆ. ಮೂವರು ಗಂಡಂದಿರನ್ನು ಕಳೆದುಕೊಂಡ ಮೇಲೆ ಅವಳು ಮತ್ತೆ ಮದುವೆಯಾಗದೆ, 1360ರಲ್ಲಿ ತೀರಿಕೊಳ್ಳುವವರೆಗೆ ತನ್ನ ಆಸ್ತಿಯನ್ನು ತಾನೇ ನಡೆಸಿದಳು. ಕೇಂಬ್ರಿಡ್ಜ್‌ನ ಕ್ಲೇರ್ ಕಾಲೇಜಿಗೆ ಆ ಹೆಸರು ಬಂದದ್ದು ಅವಳು ಕೊಟ್ಟ ದತ್ತಿಯಿಂದ. ಅವಳ ಮೊಮ್ಮಗಳು ಎಲಿಜಬೆತ್ ಡಿ ಬರ್ಗ್‌ಳನ್ನು ಮೂರನೆಯ ಎಡ್ವರ್ಡನ ಮಗ ಲಯನೆಲ್ ಮದುವೆಯಾಗಿ, 1362ರಲ್ಲಿ ಕ್ಲಾರೆನ್ಸ್‌ನ ಡ್ಯೂಕ್ ಆದ. ಅವರ ಮಗಳು ಫಿಲಿಪ್ಪಾಳಿಂದ ಕ್ಲೇರ್ ಭೂಮಿ ಮಾರ್ಟಿಮರ್ ಮನೆತನಕ್ಕೆ ಹೋಯಿತು. ಆ ಮನೆಯ ಆ್ಯನ್ ಮಾರ್ಟಿಮರ್‌ಳ ಮೂಲಕ ಯಾರ್ಕ್ ಮನೆತನಕ್ಕೆ ಬಂದು, ಅವಳ ಮೊಮ್ಮಗ ನಾಲ್ಕನೆಯ ಎಡ್ವರ್ಡ್ 1461ರಲ್ಲಿ ಸಿಂಹಾಸನವೇರಿದಾಗ ರಾಜಸ್ವತ್ತಿನಲ್ಲಿ ಸೇರಿಹೋಯಿತು.