ಬ್ಯಾಟರಿ ವಿಮಾನಕ್ಕೆ ಸದ್ಯಕ್ಕಿರುವ ಒಂದೇ ಕೆಲಸ

ಏಳು ಕಿಲೋ ಪೆಟ್ರೋಲು ಲಘು ವಿಮಾನವೊಂದರ ಎಂಜಿನ್ನಿನಲ್ಲಿ ಉರಿದು ಪ್ರೊಪೆಲ್ಲರಿಗೆ ಎಷ್ಟು ಶಕ್ತಿಯನ್ನು ಕೊಡುತ್ತದೆಯೋ ಅಷ್ಟನ್ನೇ ಬ್ಯಾಟರಿಯಿಂದ ಪಡೆಯಬೇಕಾದರೆ ಇಂದಿನ ತಂತ್ರಜ್ಞಾನದಲ್ಲಿ ಸುಮಾರು 140 ಕಿಲೋ ಬ್ಯಾಟರಿಯನ್ನು ಹೊತ್ತುಕೊಂಡು ಹಾರಬೇಕು. ಲೆಕ್ಕ ಕಷ್ಟದ್ದಲ್ಲ. ಒಂದು ಕಿಲೋ ಪೆಟ್ರೋಲಿನಲ್ಲಿ, ನಮ್ಮ ಕರೆಂಟ್ ಬಿಲ್ಲಿನ ಭಾಷೆಯಲ್ಲಿ ಹೇಳುವುದಾದರೆ, ಸುಮಾರು 12 ಯೂನಿಟ್ ಶಕ್ತಿಯಿದೆ. ಪಿಸ್ಟನ್ ಎಂಜಿನ್ ಅದರಲ್ಲಿ ಕಾಲು ಭಾಗಕ್ಕಿಂತ ತುಸು ಹೆಚ್ಚನ್ನು ಮಾತ್ರ ಕೆಲಸಕ್ಕೆ ಹಚ್ಚಿ ಉಳಿದದ್ದನ್ನು ಬಿಸಿಯಾಗಿ ಹೊರಹಾಕುತ್ತದೆ. ಒಳ್ಳೆಯ ಲಿಥಿಯಂ ಅಯಾನ್ ಸೆಲ್ ಒಂದು ಕಿಲೋಗೆ ಕಾಲು ಯೂನಿಟ್‌ನಷ್ಟು ಶಕ್ತಿಯನ್ನು ಹಿಡಿದಿಡುತ್ತದೆ. ಆದರೆ ಸೆಲ್ಲುಗಳನ್ನು ತಣ್ಣಗಿಡುವ ವ್ಯವಸ್ಥೆ, ಒಂದು ಸೆಲ್ಲಿನ ಬೆಂಕಿ ಇನ್ನೊಂದಕ್ಕೆ ಹರಡದಂತೆ ತಡೆಯುವ ಪದರಗಳು, ಹೊರಗಿನ ಪೆಟ್ಟಿಗೆ, ಎಲೆಕ್ಟ್ರಾನಿಕ್ಸ್ ಇವೆಲ್ಲವನ್ನೂ ಸೇರಿಸಿ ಪ್ಯಾಕ್ ಮಾಡಿದ ಮೇಲೆ ಅದು ಕಿಲೋಗೆ 0.17 ಯೂನಿಟ್‌ನ ಆಸುಪಾಸಿಗೆ ಇಳಿಯುತ್ತದೆ. ಮೋಟಾರು ಮತ್ತು ಅದರ ನಿಯಂತ್ರಕ ಸೇರಿ ಅದರಲ್ಲಿ ನೂರಕ್ಕೆ ತೊಂಬತ್ತರಷ್ಟನ್ನು ಪ್ರೊಪೆಲ್ಲರಿಗೆ ತಲುಪಿಸುತ್ತವೆ ಎಂದುಕೊಂಡರೂ ಅಂತರ ಇಪ್ಪತ್ತು ಪಟ್ಟು ಉಳಿಯುತ್ತದೆ.

2025ರ ಮೇ ತಿಂಗಳಲ್ಲಿ ಕೇಂದ್ರ ವಿಜ್ಞಾನ ಮತ್ತು ತಂತ್ರಜ್ಞಾನ ಸಚಿವ ಜಿತೇಂದ್ರ ಸಿಂಗ್ ಅವರು ಬೆಂಗಳೂರಿನ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯ, ಅಂದರೆ ನಮ್ಮ ಎನ್‌ಎಎಲ್, ಇ-ಹಂಸ ಎಂಬ ಎರಡು ಆಸನಗಳ ವಿದ್ಯುತ್ ತರಬೇತಿ ವಿಮಾನವನ್ನು ರೂಪಿಸಲಿದೆ ಎಂದೂ, ಅದರ ಬೆಲೆ ಸುಮಾರು 2 ಕೋಟಿ ರೂಪಾಯಿ, ಅಂದರೆ ಹೊರಗಿನಿಂದ ತರಿಸುವ ತರಬೇತಿ ವಿಮಾನಗಳ ಅರ್ಧದಷ್ಟು ಇರಲಿದೆ ಎಂದೂ ಪ್ರಕಟಿಸಿದರು. ಸುದ್ದಿ ಓದಿದ ಗೆಳೆಯರು ನನ್ನನ್ನು ಕೇಳಿದ್ದು, ಅದು ಒಂದು ಚಾರ್ಜಿನಲ್ಲಿ ಎಷ್ಟು ದೂರ ಹೋಗುತ್ತದೆ ಎಂಬುದನ್ನೇ. ಸ್ಕೂಟರು, ಕಾರುಗಳಿಗೆ ಕೇಳಿ ಕೇಳಿ ನಮಗೆ ಅಭ್ಯಾಸವಾಗಿಹೋದ ಪ್ರಶ್ನೆ ಅದು. ಇಂಥ ವಿಮಾನವನ್ನು ಆ ಅಳತೆಗೋಲಿನಿಂದ ಅಳೆದರೆ ಅದು ಸೋಲುವುದು ಖಚಿತ. ಒಂದು ದಿನದಲ್ಲಿ ಎಷ್ಟು ಬಾರಿ ಏರಿ ಇಳಿಯಬಲ್ಲದು, ಒಂದು ಬ್ಯಾಟರಿ ಎಷ್ಟು ಗಂಟೆ ಹಾರಾಟಕ್ಕೆ ಬಾಳುತ್ತದೆ ಎಂದು ಕೇಳಿದರೆ ಮಾತ್ರ ಅದರ ನಿಜವಾದ ಯೋಗ್ಯತೆ ತಿಳಿಯುತ್ತದೆ ಎಂಬುದು ನನ್ನ ಅಭಿಪ್ರಾಯ.

ಬ್ಯಾಟರಿಯಿಂದ ಹಾರುವ ಆಸೆಯೇನೂ ಹೊಸದಲ್ಲ. ರೈಟ್ ಸಹೋದರರಿಗಿಂತ ಎರಡು ದಶಕ ಮೊದಲೇ, 1884ರ ಆಗಸ್ಟ್ 9ರಂದು, ಫ್ರಾನ್ಸಿನ ಸೇನಾಧಿಕಾರಿಗಳಾದ ಷಾರ್ಲ್ ರೆನಾರ್ ಮತ್ತು ಆರ್ಥರ್ ಕ್ರೆಬ್ಸ್ ‘ಲಾ ಫ್ರಾನ್ಸ್’ ಎಂಬ ವಾಯುನೌಕೆಯನ್ನು ಬ್ಯಾಟರಿ ಮತ್ತು ವಿದ್ಯುತ್ ಮೋಟಾರಿನ ಬಲದಿಂದ 23 ನಿಮಿಷಗಳಲ್ಲಿ ಸುಮಾರು 8 ಕಿಲೋಮೀಟರ್ ನಡೆಸಿ ಹೊರಟ ಜಾಗಕ್ಕೇ ಮರಳಿ ತಂದಿದ್ದರು. ರೆಕ್ಕೆಯುಳ್ಳ ವಿಮಾನದಲ್ಲಿ ಮನುಷ್ಯನೊಬ್ಬ ಬ್ಯಾಟರಿಯನ್ನು ನಂಬಿ ಹಾರಲು 1973ರ ತನಕ ಕಾಯಬೇಕಾಯಿತು. ಆಸ್ಟ್ರಿಯಾದಲ್ಲಿ ಹೈನೊ ಬ್ರಿಡಿಚ್ಕಾ ನಿಕಲ್ ಕ್ಯಾಡ್ಮಿಯಂ ಬ್ಯಾಟರಿಗಳಿಂದ ನಡೆಸಿದ ಆ ಹಾರಾಟ ಕೆಲವೇ ನಿಮಿಷಗಳದ್ದು. ಮುಂದೆ ಲಿಥಿಯಂ ಬಂದು ಚಿತ್ರ ಬದಲಾಯಿತು. 2020ರ ಜೂನ್ 10ರಂದು ಸ್ಲೊವೇನಿಯಾದ ಪಿಪಿಸ್ಟ್ರೆಲ್ ಕಂಪನಿಯ ವೆಲಿಸ್ ಎಲೆಕ್ಟ್ರೋ ವಿಮಾನಕ್ಕೆ ಯುರೋಪಿನ ವಾಯುಯಾನ ಸುರಕ್ಷತಾ ಸಂಸ್ಥೆಯ ಪೂರ್ಣ ಮಾನ್ಯತೆ ದೊರೆಯಿತು. ಆ ಸಂಸ್ಥೆ ಮಾನ್ಯ ಮಾಡಿದ ಮೊದಲ ಸಂಪೂರ್ಣ ವಿದ್ಯುತ್ ವಿಮಾನ ಅದೇ.

ವೆಲಿಸ್ ಅನ್ನು ಸ್ವಲ್ಪ ಬಿಡಿಸಿ ನೋಡುವುದು ಒಳ್ಳೆಯದು, ಏಕೆಂದರೆ ಈ ವರ್ಗದಲ್ಲಿ ಹಾರಾಟ ಶಾಲೆಗಳ ನಿತ್ಯದ ಬಳಕೆಗೆ ಬಂದು ಪರೀಕ್ಷೆಗೊಳಗಾದ ಯಂತ್ರಗಳು ಬಹಳವಿಲ್ಲ. ಟೇಕಾಫ್ ಸಮಯದಲ್ಲಿ ಅದರ ಗರಿಷ್ಠ ತೂಕ 600 ಕಿಲೋ. 57.6 ಕಿಲೋವ್ಯಾಟ್ ಶಕ್ತಿಯ ಮೋಟಾರಿನ ತೂಕ ಸುಮಾರು 23 ಕಿಲೋ ಮಾತ್ರ. ಬ್ಯಾಟರಿಯೂ ಮೋಟಾರೂ ದ್ರವದಿಂದ ತಣಿಯುತ್ತವೆ. ಹಾರಾಟದ ಅವಧಿ ಹೆಚ್ಚೆಂದರೆ 50 ನಿಮಿಷ, ಅದರ ಮೇಲೆ ತುರ್ತಿಗೆಂದು ಉಳಿಸಿಕೊಳ್ಳಬೇಕಾದ ಕಡ್ಡಾಯ ಮೀಸಲು. ಒಳಗೆ ಕೂರುವವರಿಗೂ ಸಾಮಾನಿಗೂ ಸೇರಿ 172 ಕಿಲೋ ಮಿತಿ, ಅಂದರೆ ಇನ್‌ಸ್ಟ್ರಕ್ಟರ್ ಮತ್ತು ವಿದ್ಯಾರ್ಥಿಯ ತೂಕ ಸರಾಸರಿ 86 ಕಿಲೋ ದಾಟುವಂತಿಲ್ಲ. ಪೆಟ್ರೋಲ್ ವಿಮಾನವಾದರೆ ಇಬ್ಬರು ದಢೂತಿ ಆಸಾಮಿಗಳು ಹತ್ತಿದಾಗ ಟ್ಯಾಂಕಿನಲ್ಲಿ ಇಂಧನವನ್ನು ಕಡಿಮೆ ಮಾಡಿಕೊಂಡು ಹಾರಬಹುದು. ಬ್ಯಾಟರಿಯಲ್ಲಿ ಆ ಸೌಲಭ್ಯವೂ ಇಲ್ಲ, ಅರ್ಧ ಚಾರ್ಜ್ ಆದ ಬ್ಯಾಟರಿಯೂ ಪೂರ್ಣ ಚಾರ್ಜ್ ಆದದ್ದರಷ್ಟೇ ಭಾರ. ಬುತ್ತಿ ಉಣ್ಣುತ್ತ ಹೋದಂತೆ ದಾರಿಹೋಕನ ಗಂಟು ಹಗುರಾಗುವ ಹಾಗೆ ಪೆಟ್ರೋಲ್ ವಿಮಾನ ಹಾರುತ್ತ ಹಾರುತ್ತ ಹಗುರಾಗುತ್ತದೆ. ವಿದ್ಯುತ್ ವಿಮಾನ ಏರಿದ ತೂಕದಲ್ಲೇ ಇಳಿಯಬೇಕು, ಅದರ ಚಕ್ರ, ಕಾಲುಗಳನ್ನು ಅದಕ್ಕೆ ತಕ್ಕಂತೆ ಗಟ್ಟಿಯಾಗಿ ಕಟ್ಟಬೇಕು.

ಇಷ್ಟೆಲ್ಲ ಕೊರತೆಗಳಿದ್ದೂ ಹಾರಾಟ ಕಲಿಸುವ ಶಾಲೆಗೆ ಇದು ಹೊಂದುತ್ತದೆ ಎನ್ನಲು ಕಾರಣವಿದೆ. ಹೊಸ ವಿದ್ಯಾರ್ಥಿಯ ಮೊದಲ ಹಂತದ ಪಾಠದ ದೊಡ್ಡ ಪಾಲು ಸರ್ಕಿಟ್‌ನಲ್ಲೇ ನಡೆಯುತ್ತದೆ: ಏರು, ರನ್‌ವೇಯನ್ನು ಆಯತಾಕಾರದಲ್ಲಿ ಸುತ್ತು, ಇಳಿ, ಮತ್ತೆ ಏರು. ಒಂದು ಪಾಠ ಹೆಚ್ಚೂಕಡಿಮೆ ಮುಕ್ಕಾಲು ಗಂಟೆಯದು. ವಿಮಾನ ರನ್‌ವೇಯನ್ನು ಬಿಟ್ಟು ದೂರ ಹೋಗುವುದಿಲ್ಲವಾದ್ದರಿಂದ ಎಷ್ಟು ದೂರ ಎಂಬ ಪ್ರಶ್ನೆಗೆ ಇಲ್ಲಿ ಅರ್ಥವೇ ಇಲ್ಲ. ಯುರೋಪಿನ ನಿಯಮವೂ ಇದನ್ನು ಗುರುತಿಸಿದೆ. ಹಗಲಿನಲ್ಲಿ, ಹೊರಟ ನಿಲ್ದಾಣ ಕಣ್ಣಳತೆಯಲ್ಲೇ ಇರುವಂತೆ ಹಾರಿ ಅಲ್ಲೇ ಇಳಿಯುವುದಾದರೆ ಅಲ್ಲಿ 30 ನಿಮಿಷದ ಬದಲು 10 ನಿಮಿಷದ ಮೀಸಲು ಸಾಕು. ಬ್ಯಾಟರಿ ವಿಮಾನಕ್ಕೆ ಆ 20 ನಿಮಿಷವೆಂದರೆ ಹೆಚ್ಚುಕಡಿಮೆ ಅರ್ಧ ಪಾಠ.

ಶಬ್ದದ ಲಾಭವನ್ನು ನಾನು ಬಹಳ ದೊಡ್ಡದೆಂದು ಭಾವಿಸುತ್ತೇನೆ. ಬೆಂಗಳೂರಿನ ಜಕ್ಕೂರಿನಲ್ಲಿರುವ ಹಾರಾಟ ಶಾಲೆ ಆರಂಭವಾದ 1940ರ ದಶಕದಲ್ಲಿ ಅದು ಊರಾಚೆಯ ಬಯಲು. ಇಂದು ಸುತ್ತಲೂ ಬಡಾವಣೆಗಳು, ಅಪಾರ್ಟ್‌ಮೆಂಟುಗಳು. ಒಂದೇ ಮನೆಗಳ ಮೇಲೆ ದಿನವಿಡೀ ಸುತ್ತುವ ವಿಮಾನ ಸದ್ದು ಕಡಿಮೆ ಮಾಡಿದರೆ ಶಾಲೆಯ ಆಯುಸ್ಸೇ ಹೆಚ್ಚಬಹುದು. ಜಕ್ಕೂರಿನಂಥ ಎತ್ತರದ ಜಾಗಕ್ಕೆ ಇನ್ನೊಂದು ಅನುಕೂಲವೂ ಇದೆ. ಸಮುದ್ರಮಟ್ಟದಿಂದ ಸುಮಾರು 3,000 ಅಡಿ ಎತ್ತರದಲ್ಲಿ ಗಾಳಿ ತೆಳುವಾಗುವುದರಿಂದ ಟರ್ಬೊ ಇಲ್ಲದ ಪೆಟ್ರೋಲ್ ಎಂಜಿನ್ ತನ್ನ ಶಕ್ತಿಯ ಹತ್ತನೇ ಒಂದು ಭಾಗದಷ್ಟನ್ನು ಕಳೆದುಕೊಳ್ಳುತ್ತದೆ. ಮೋಟಾರು ಉಸಿರಾಡುವುದಿಲ್ಲವಾದ್ದರಿಂದ ಅದಕ್ಕೆ ಈ ನಷ್ಟವಿಲ್ಲ. ರೆಕ್ಕೆಗೂ ಪ್ರೊಪೆಲ್ಲರಿಗೂ ತೆಳುಗಾಳಿಯ ತೊಂದರೆ ತಪ್ಪದು, ಅದು ಬೇರೆ ಮಾತು. ಪೆಟ್ರೋಲಿನ ಸೀಸದ ವಿಷಯವನ್ನೂ ಕೆಲವರು ಎತ್ತುತ್ತಾರೆ. ಸೆಸ್ನಾ 172ರಂಥ ವಿಮಾನಗಳು ಬಳಸುತ್ತ ಬಂದಿರುವ ಏವ್‌ಗ್ಯಾಸ್ ಎಂಬ ವಿಮಾನ ಪೆಟ್ರೋಲಿನಲ್ಲಿ ಸೀಸವಿರುವುದು ನಿಜ, ಆದರೆ ಎನ್‌ಎಎಲ್‌ನದೇ ಪೆಟ್ರೋಲ್ ತರಬೇತಿ ವಿಮಾನವಾದ ಹಂಸ-ಎನ್‌ಜಿ ಬಳಸುವ ರೋಟಾಕ್ಸ್ ಎಂಜಿನ್ ಸೀಸರಹಿತ ಪೆಟ್ರೋಲಿನಲ್ಲೂ ಓಡುವುದರಿಂದ ಅದರೊಂದಿಗೆ ಹೋಲಿಸುವಾಗ ಈ ವಾದಕ್ಕೆ ತೂಕ ಕಡಿಮೆ.

ಇನ್ನು ಹಣದ ಮಾತು. ಇಲ್ಲೇ ನನಗೆ ಹೆಚ್ಚಿನ ಅನುಮಾನಗಳಿರುವುದು. ಎಲ್ಲರೂ ಕರೆಂಟಿನ ಖರ್ಚನ್ನು ಪೆಟ್ರೋಲಿನ ಖರ್ಚಿನೊಂದಿಗೆ ಹೋಲಿಸಿ ಸಂಭ್ರಮಿಸುತ್ತಾರೆ. ಗಂಟೆಗೆ 18 ಲೀಟರ್ ಪೆಟ್ರೋಲು ಎಂದರೆ ಲೀಟರಿಗೆ ನೂರು ರೂಪಾಯಿಯಂತೆ 1,800 ರೂಪಾಯಿ. ಅದೇ ಗಂಟೆಗೆ 25 ಯೂನಿಟ್ ಕರೆಂಟು ಎಂದರೆ ಇನ್ನೂರರ ಆಸುಪಾಸು. ಆದರೆ ಬ್ಯಾಟರಿಯೂ ಪ್ರತಿ ಗಂಟೆಗೆ ಸ್ವಲ್ಪ ಸ್ವಲ್ಪವಾಗಿ ಸವೆಯುವ ವಸ್ತು. ಮಾತಿಗೆ ಪ್ಯಾಕಿನ ಬೆಲೆ 10 ಲಕ್ಷವೆಂದೂ ಅದು 1,000 ಗಂಟೆ ಬಾಳುತ್ತದೆಂದೂ ಇಟ್ಟುಕೊಳ್ಳೋಣ. ಆಗ ಗಂಟೆಗೆ ಸಾವಿರ ರೂಪಾಯಿ ಬ್ಯಾಟರಿಗೇ ಹೋಗುತ್ತದೆ, ಒಟ್ಟು 1,200, ಇನ್ನೂ ಲಾಭವೇ. ಅದೇ ಪ್ಯಾಕ್ 500 ಗಂಟೆಗೇ ಕೈಕೊಟ್ಟರೆ ಒಟ್ಟು 2,200 ಆಗಿ ಪೆಟ್ರೋಲೇ ಅಗ್ಗವಾಗುತ್ತದೆ. ಎಂಜಿನ್ ಓವರ್‌ಹಾಲ್‌ನ ಖರ್ಚು ಉಳಿಯುವುದನ್ನು ಸೇರಿಸಿದರೆ ತಕ್ಕಡಿ ಸ್ವಲ್ಪ ವಿದ್ಯುತ್ತಿನ ಕಡೆ ವಾಲೀತು, ಅಷ್ಟೇ. ಇಡೀ ವ್ಯವಹಾರ ನಿಂತಿರುವುದು ಬ್ಯಾಟರಿಯ ಬಾಳಿಕೆಯೆಂಬ ಒಂದೇ ಅಂಕಿಯ ಮೇಲೆ. ಇಟಲಿಯ ಟೆಕ್ನಾಮ್ ಕಂಪನಿ 2023ರ ಜೂನ್‌ನಲ್ಲಿ ತನ್ನ ಪಿ-ವೋಲ್ಟ್ ಎಂಬ ಒಂಬತ್ತು ಆಸನಗಳ ವಿದ್ಯುತ್ ವಿಮಾನದ ಕೆಲಸವನ್ನು ನಿಲ್ಲಿಸಿದಾಗ ಕೊಟ್ಟ ಕಾರಣವೂ ಇದೇ: ಹೊಸ ಬ್ಯಾಟರಿಯಲ್ಲಿ ತೋರಿಸುವ ಸಾಮರ್ಥ್ಯ ಕೆಲವೇ ವಾರಗಳ ದುಡಿಮೆಯಲ್ಲಿ ಕುಸಿಯುತ್ತದೆ. ವಿಮಾನ ತಯಾರಕರೊಬ್ಬರು ಇಷ್ಟು ನೇರವಾಗಿ ಮಾತನಾಡಿದ್ದು ನನಗೆ ಮೆಚ್ಚುಗೆಯಾಯಿತು.

ಚಾರ್ಜಿಂಗ್ ಕೂಡ ಇದೇ ಗಂಟಿನ ಇನ್ನೊಂದು ಎಳೆ. 20 ಕಿಲೋವ್ಯಾಟ್ ಚಾರ್ಜರಿನಲ್ಲಿ ವೆಲಿಸ್‌ನಂಥ ವಿಮಾನವನ್ನು ಮತ್ತೊಂದು ಪಾಠಕ್ಕೆ ಸಿದ್ಧಪಡಿಸಲು ಒಂದು ಗಂಟೆಗೂ ಹೆಚ್ಚು ಬೇಕು. ಹಾರಿದ್ದು ಮುಕ್ಕಾಲು ಗಂಟೆ, ನಿಂತದ್ದು ಅದಕ್ಕಿಂತ ಹೆಚ್ಚು. ಹೆಚ್ಚಿನ ಶಕ್ತಿಯ ಚಾರ್ಜರ್ ತಂದರೆ ಬ್ಯಾಟರಿ ಬಿಸಿಯಾಗುತ್ತದೆ, ಬಿಸಿಯಾದ ಬ್ಯಾಟರಿ ಬೇಗ ಮುಪ್ಪಾಗುತ್ತದೆ, ಮತ್ತೆ ಬಾಳಿಕೆಯ ಲೆಕ್ಕ ಕೆಡುತ್ತದೆ. ಇದರ ಜೊತೆಗೆ ಸುರಕ್ಷತೆಯ ಒಂದು ಸೂಕ್ಷ್ಮವೂ ಇದೆ. ಚಾರ್ಜ್ ತಳಕ್ಕಿಳಿದಾಗ ಬ್ಯಾಟರಿಯ ವೋಲ್ಟೇಜ್ ಕುಸಿದು ಅದು ಪೂರ್ಣ ಶಕ್ತಿಯನ್ನು ಕೊಡಲಾರದು. ಪಾಠದ ಕೊನೆಯ ಲ್ಯಾಂಡಿಂಗ್ ಸರಿಬಾರದೆ ವಿದ್ಯಾರ್ಥಿ ಗೋ-ಅರೌಂಡ್ ಮಾಡಬೇಕಾದಾಗ, ಅಂದರೆ ಇಳಿಯುವುದನ್ನು ಕೈಬಿಟ್ಟು ಮತ್ತೆ ಏರಬೇಕಾದಾಗ, ಪೂರ್ಣ ಶಕ್ತಿ ಬೇಕಾಗುವುದು ಸರಿಯಾಗಿ ಆಗಲೇ. 2019ರ ಆಗಸ್ಟ್‌ನಲ್ಲಿ ನಾರ್ವೆಯ ವಿಮಾನ ನಿಲ್ದಾಣಗಳ ಸಂಸ್ಥೆಯಾದ ಅವಿನೋರ್‌ನ ಮುಖ್ಯಸ್ಥರೇ ಹಾರಿಸುತ್ತಿದ್ದ ಪಿಪಿಸ್ಟ್ರೆಲ್‌ನ ಆಲ್ಫಾ ಎಲೆಕ್ಟ್ರೋ ಆಕಾಶದಲ್ಲಿ ಶಕ್ತಿ ಕಳೆದುಕೊಂಡು ಕೆರೆಯೊಂದಕ್ಕೆ ಇಳಿಯಿತು. ವಿಮಾನದಲ್ಲಿದ್ದ ಇಬ್ಬರಿಗೂ ಪೆಟ್ಟಾಗಲಿಲ್ಲ. ಮಾನ್ಯತೆಯ ನಿಯಮಗಳು ಬಿಗಿಯಾಗಿರಬೇಕೆಂದು ಹೇಳುವವರನ್ನು ಪ್ರಗತಿ ವಿರೋಧಿಗಳೆಂದು ತಳ್ಳಿಹಾಕುವ ಮೊದಲು ಇಂಥ ಘಟನೆಗಳನ್ನು ನೆನೆಯಬೇಕು.

ದೊಡ್ಡ ವಿಮಾನಗಳ ಕನಸುಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಒಂಬತ್ತು ಪ್ರಯಾಣಿಕರ ಆಲಿಸ್ ಎಂಬ ವಿದ್ಯುತ್ ವಿಮಾನ 2022ರ ಸೆಪ್ಟೆಂಬರ್‌ನಲ್ಲಿ ಎಂಟು ನಿಮಿಷ ಹಾರಿದ ಬಳಿಕ ಮುಂದುವರಿಯಲು ಹಣವಿಲ್ಲದೆ ತಡವರಿಸಿತು. ನಾಸಾದ ಪ್ರಾಯೋಗಿಕ ವಿದ್ಯುತ್ ವಿಮಾನ ಎಕ್ಸ್-57ರ ಯೋಜನೆ ನೆಲ ಬಿಡದೆಯೇ ಮುಗಿಯಿತು. ಸ್ವೀಡನ್ನಿನಲ್ಲಿ ಹುಟ್ಟಿದ ಹಾರ್ಟ್ ಏರೋಸ್ಪೇಸ್ ಕಂಪನಿ ಬರಿಯ ಬ್ಯಾಟರಿಯನ್ನು ಬಿಟ್ಟು ಹೈಬ್ರಿಡ್‌ನತ್ತ ತಿರುಗಿತು.

ಹಾಗಾದರೆ ಇ-ಹಂಸದಂಥ ವಿಮಾನ ನಮ್ಮ ಹಾರಾಟ ಶಾಲೆಗಳಲ್ಲಿ ಎಷ್ಟು ಕೆಲಸ ಮಾಡಬಲ್ಲದು? ನಮ್ಮಲ್ಲಿ ಕಮರ್ಷಿಯಲ್ ಪೈಲಟ್ ಲೈಸೆನ್ಸಿಗೆ 200 ಗಂಟೆಗಳ ಹಾರಾಟ ಬೇಕು. ಅದರಲ್ಲಿ 50 ಗಂಟೆ ವಿದ್ಯಾರ್ಥಿಯೇ ಪೈಲಟ್ ಆಗಿ ದೂರದ ಊರುಗಳಿಗೆ ಹಾರಬೇಕು, ಒಂದು ಯಾನವಂತೂ 300 ನಾಟಿಕಲ್ ಮೈಲಿ, ಸುಮಾರು 555 ಕಿಲೋಮೀಟರ್, ಇದ್ದು ನಡುವೆ ಬೇರೆ ಎರಡು ನಿಲ್ದಾಣಗಳಲ್ಲಿ ಇಳಿದಿರಬೇಕು. ಸಮನಾಗಿ ಹಂಚಿದರೂ ಒಂದೊಂದು ಹಂತ 185 ಕಿಲೋಮೀಟರ್. ಮೊದಲು ಹೇಳಿದ 140 ಕಿಲೋ ಬ್ಯಾಟರಿ, 600 ಕಿಲೋ ಒಟ್ಟು ತೂಕ ಮತ್ತು ಒಳ್ಳೆಯ ರೆಕ್ಕೆಯನ್ನು ಹಿಡಿದು ಲೆಕ್ಕ ಹಾಕಿದರೆ ಮೀಸಲನ್ನೂ ಖಾಲಿ ಮಾಡಿ ಹೋಗಬಹುದಾದ ದೂರ 160 ಕಿಲೋಮೀಟರಿನ ಸುತ್ತಮುತ್ತ ನಿಲ್ಲುತ್ತದೆ. ಆದ್ದರಿಂದ ಯಾವ ಶಾಲೆಯೂ ಬರಿಯ ವಿದ್ಯುತ್ ವಿಮಾನಗಳಿಂದ ನಡೆಯಲಾರದು. ಆರಂಭದ ಪಾಠಗಳನ್ನು ಅವುಗಳಿಗೆ ವಹಿಸಿ ದೂರದ ಯಾನಗಳಿಗೆ ಪೆಟ್ರೋಲ್ ಹಂಸವನ್ನೇ ಇಟ್ಟುಕೊಳ್ಳುವ ಮಿಶ್ರ ವ್ಯವಸ್ಥೆಯೇ ಸಾಧ್ಯವಿರುವುದು. ಎರಡೂ ಒಂದೇ ಮನೆತನದ ವಿಮಾನಗಳಾದರೆ ವಿದ್ಯಾರ್ಥಿ ಒಂದರಿಂದ ಇನ್ನೊಂದಕ್ಕೆ ಸುಲಭವಾಗಿ ದಾಟಬಹುದು. ಎನ್‌ಎಎಲ್‌ಗೆ ಇರುವ ನಿಜವಾದ ಮೇಲುಗೈ ಇದು ಎಂದು ನನಗೆ ತೋರುತ್ತದೆ.

ಎಲ್ಲಿ ಪ್ರಯೋಗ ಮಾಡಬೇಕೆಂಬುದೂ ಮುಖ್ಯ. ಭಾರತೀಯ ವಿಮಾನ ನಿಲ್ದಾಣ ಪ್ರಾಧಿಕಾರ 2021ರಲ್ಲಿ ಹಾರಾಟ ತರಬೇತಿ ಸಂಸ್ಥೆಗಳಿಗೆ ಜಾಗ ಕೊಡಲು ಆರಿಸಿದ ಐದು ನಿಲ್ದಾಣಗಳಲ್ಲಿ ಬೆಳಗಾವಿ ಮತ್ತು ಕಲಬುರಗಿ ಎರಡೂ ನಮ್ಮ ರಾಜ್ಯದವು. ಸುಮಾರು 2,500 ಅಡಿ ಎತ್ತರದ ಬೆಳಗಾವಿಯ ತಂಪಿನಲ್ಲಿ ಬ್ಯಾಟರಿ ವಿಮಾನ ಚೆನ್ನಾಗಿಯೇ ನಡೆದೀತು, ಪತ್ರಿಕೆಗಳಲ್ಲಿ ಚಿತ್ರಗಳೂ ಬಂದಾವು. ಬ್ಯಾಟರಿಯ ಬಾಳಿಕೆ ತಿಳಿಯುವುದು ಮಾತ್ರ ಬಿಸಿಲು 40 ಡಿಗ್ರಿ ದಾಟುವ ಕಲಬುರಗಿಯ ಏಪ್ರಿಲ್, ಮೇ ತಿಂಗಳುಗಳಲ್ಲಿ, ಬಿಸಿ ಡಾಂಬರಿನ ಮೇಲೆ ನಿಲ್ಲಿಸಿ, ಚಾರ್ಜ್ ಮಾಡಿ, ಕೂಡಲೇ ಮತ್ತೆ ಸರ್ಕಿಟ್‌ಗೆ ಕಳಿಸಿದಾಗ. ಇ-ಹಂಸದ ಮೂಲಮಾದರಿ ಹಾರುವ ದಿನ ನಾನು ಅದರ ವೇಗದ ಅಂಕಿಯನ್ನು ಹುಡುಕುವುದಿಲ್ಲ. ಅಂಥ ಎರಡು ತಿಂಗಳು ದುಡಿದ ಮೇಲೆ ಪ್ಯಾಕಿನಲ್ಲಿ ಮೊದಲಿನ ಸಾಮರ್ಥ್ಯದ ಎಷ್ಟು ಪಾಲು ಉಳಿದಿದೆ ಎಂಬ ಅಂಕಿ ಪ್ರಕಟವಾಗಲೆಂದು ಕಾಯುತ್ತೇನೆ.