ಅಷ್ಟು ಶುದ್ಧ ನೀರೇ ಅಡ್ಡಿಯಾಗಿತ್ತು: ಉಪ್ಪುನೀರಿನ ಟ್ಯಾಂಕ್ ಕಡೆಗೂ ಸೈಕಲ್ ಆಯ್ತು

ಕಡೆಗೂ ನೈಟ್ರೈಟ್ ಇಳಿಯಿತು! (ಮೀನು ಬಿಡುವ ಮೊದಲು ಟ್ಯಾಂಕಿನಲ್ಲಿ ಬ್ಯಾಕ್ಟೀರಿಯಾ ಬೆಳೆಸುವುದಕ್ಕೆ ಸೈಕಲ್ ಅನ್ನುತ್ತಾರೆ. ಒಂದು ಗುಂಪು ಅಮೋನಿಯಾವನ್ನು ನೈಟ್ರೈಟ್ ಮಾಡುತ್ತದೆ, ಇನ್ನೊಂದು ಗುಂಪು ಆ ನೈಟ್ರೈಟನ್ನು ನೈಟ್ರೇಟ್ ಮಾಡುತ್ತದೆ.) ವಾರಗಟ್ಟಲೆ ಕಡು ನೇರಳೆ ಬಣ್ಣವನ್ನೇ ತೋರಿಸುತ್ತಿದ್ದ ಟೆಸ್ಟ್ ಟ್ಯೂಬ್ ನಿನ್ನೆ ರಾತ್ರಿ ತಿಳಿ ನೀಲಿಗೆ ಬಂತು. ಒಣ ಕಲ್ಲು ಮತ್ತು ಅಮೋನಿಯಂ ಕ್ಲೋರೈಡ್ ಇಟ್ಟುಕೊಂಡು ಶುರು ಮಾಡಿದವರು ಇಲ್ಲೇ ಸಿಕ್ಕಿಹಾಕಿಕೊಳ್ಳುವುದು ಜಾಸ್ತಿ. ಅದಕ್ಕೇ ಎಲ್ಲ ಸರಿಯಾಗಿ ನೆನಪಿರುವಾಗಲೇ ಬರೆದಿಡುತ್ತಿದ್ದೇನೆ.

ಟ್ಯಾಂಕ್ ವಿವರ ಚುಟುಕಾಗಿ: ಎರಡಡಿ ಉದ್ದ, ಅಗಲ ಎತ್ತರ ಎರಡೂ ಒಂದೂವರೆ ಅಡಿ. ಕಲ್ಲು, ಮರಳು ಕಳೆದರೆ ನೀರು ಹತ್ತಿರ ಹತ್ತಿರ 100 ಲೀಟರ್. ಬೆಂಗಳೂರಿನ ಬೋರ್‌ವೆಲ್ ನೀರು ನಂಬುವ ಹಾಗಿಲ್ಲ. ಹಾಗಾಗಿ ಆರ್‌ಒ, ಅದರ ಮೇಲೆ ಡಿಐ (ಉಳಿದ ಲವಣವನ್ನೂ ತೆಗೆಯುವ ಫಿಲ್ಟರ್), ಟಿಡಿಎಸ್ ಅಂದರೆ ಕರಗಿದ ಲವಣ ಸೊನ್ನೆ. ಉಪ್ಪು 35 ಪಿಪಿಟಿ (ಸಾವಿರಕ್ಕೆ 35 ಪಾಲು), 26 ಡಿಗ್ರಿ. ಮಿಕ್ಕಿದ್ದು ನಿಮಗೆ ಗೊತ್ತಿರುವುದೇ.

ಕಲ್ಲಿನ ಬಗ್ಗೆ ಮಾತ್ರ ಸ್ವಲ್ಪ ಹೇಳಬೇಕು. ವಿದೇಶದ ವಿಡಿಯೋಗಳಲ್ಲಿ ಲೈವ್ ರಾಕ್ (ಬ್ಯಾಕ್ಟೀರಿಯಾ ಮೊದಲೇ ಇರುವ ಹವಳದ ಕಲ್ಲು) ತಂದು ಜೋಡಿಸಿ ಕೆಲಸ ಮುಗಿಸುತ್ತಾರೆ. ನಮ್ಮಲ್ಲಿ ಗಟ್ಟಿ ಹವಳಗಳು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಒಂದನೇ ಷೆಡ್ಯೂಲಿನಲ್ಲಿವೆ, ಹುಲಿ ಆನೆಗಳ ಜೊತೆಗೆ. ಮನ್ನಾರ್ ಕೊಲ್ಲಿಯ ಒಣ ಕಲ್ಲು ಅಂತ ಯಾರಾದರೂ ಗುಟ್ಟಾಗಿ ಮಾರಲು ಬಂದರೆ ದಯವಿಟ್ಟು ಕೊಳ್ಳಬೇಡಿ. ಮುರುಡೇಶ್ವರದ ಬಳಿಯ ನೇತ್ರಾಣಿ ದ್ವೀಪದ ಸುತ್ತ ಇರುವ ಹವಳ ನೇತ್ರಾಣಿಯಲ್ಲೇ ಇರಲಿ. ನಾನು ಬಿಳಿ ಸಿಮೆಂಟಿಗೆ ಪುಡಿ ಮಾಡಿದ ಕಪ್ಪೆಚಿಪ್ಪು ಸೇರಿಸಿ ಕಲ್ಲು ಎರಕ ಹೊಯ್ದೆ. ಪಿಎಚ್ ಇಳಿಯುವ ತನಕ ನೀರು ಬದಲಿಸುತ್ತಾ ನೆನೆಹಾಕಿದೆ. ನೋಡಲು ಚೆನ್ನಾಗಿಯೇ ಬಂದಿದೆ. ಆದರೆ ಇಂಥ ಕಲ್ಲಿನಲ್ಲಿ ಬ್ಯಾಕ್ಟೀರಿಯಾವೂ ಇರಲ್ಲ, ಅದಕ್ಕೆ ಬೇಕಾದ ಆಹಾರವೂ ಇರಲ್ಲ.

ಅಮೋನಿಯಾಗೆ ಲ್ಯಾಬ್ ದರ್ಜೆಯ ಅಮೋನಿಯಂ ಕ್ಲೋರೈಡ್ ತಂದೆ. ಕಲಾಯಿ ಹಾಕುವವರ ನವಸಾಗರವೂ ಇದೇ. ಆದರೆ ಅದರಲ್ಲಿ ಇನ್ನೇನು ಬೆರೆತಿರುತ್ತದೋ ಗೊತ್ತಾಗಲ್ಲ, ಹಾಗಾಗಿ ಬೇಡ ಅನ್ನಿಸಿತು. 100 ಲೀಟರಿಗೆ 0.63 ಗ್ರಾಂ ಹಾಕಿದರೆ ಅಮೋನಿಯಾ 2 ಪಿಪಿಎಂ (ಲೀಟರಿಗೆ 2 ಮಿಲಿಗ್ರಾಂ) ಆಗುತ್ತದೆ. ಚಿನ್ನ ತೂಗುವಂಥ ಪುಟ್ಟ ಡಿಜಿಟಲ್ ತಕ್ಕಡಿ ಒಂದು ಇಟ್ಟುಕೊಳ್ಳಿ, ಮುಂದೆಯೂ ಬೇಕಾಗುತ್ತದೆ.

ಬಾಟಲಿ ಬ್ಯಾಕ್ಟೀರಿಯಾದ ಕಥೆ ಕೇಳಿ. ಏಪ್ರಿಲ್ ಬಿಸಿಲಲ್ಲಿ ಐಸ್ ಪ್ಯಾಕ್ ಇಲ್ಲದೆ ಕಳಿಸಿದ್ದರು. ಡಬ್ಬಿ ತೆಗೆದರೆ ಬಾಟಲಿ ಕೈಗೆ ಬಿಸಿ ತಾಗುತ್ತಿತ್ತು. ಫೋನ್ ಮಾಡಿದರೆ, "ಏನೂ ಆಗಲ್ಲ ಸಾರ್, ಹಾಕಿ". ಜೀವ ಇರುವ ಸರಕನ್ನು ಹೀಗೆ ಕಳಿಸಬಾರದು ಅಲ್ವಾ? ಇನ್ನೊಂದು ಕಡೆಯಿಂದ ತರಿಸಿದ ಟೆಸ್ಟ್ ಕಿಟ್ಟಿನಲ್ಲಿ ಎಕ್ಸ್‌ಪೈರಿ ತಾರೀಕನ್ನೇ ಉಜ್ಜಿ ತೆಗೆದಿದ್ದರು. ವಾಪಸ್ ಕಳಿಸಿದೆ. ಈ ಹವ್ಯಾಸ ನಿಂತಿರುವುದೇ ಟೆಸ್ಟ್ ಕಿಟ್ಟಿನ ಮೇಲಿನ ನಂಬಿಕೆಯಲ್ಲಿ. ಅದರಲ್ಲೇ ಮೋಸ ಮಾಡಿದರೆ ನಿಜವಾಗಿಯೂ ಸಿಟ್ಟು ಬರುತ್ತದೆ.

ಇಷ್ಟಾದರೂ ಅಮೋನಿಯಾ ಹಂತ ಸಲೀಸಾಗಿ ಮುಗಿಯಿತು. ಪ್ರತಿ ಸಲ ಹಾಕಿದ 2 ಪಿಪಿಎಂ ಮಾರನೆಯ ದಿನಕ್ಕೆ ಸೊನ್ನೆ. ನೈಟ್ರೈಟ್ ಮಾತ್ರ ಕದಲಲಿಲ್ಲ.

ಇಲ್ಲಿ ಒಂದು ಲೆಕ್ಕ ಮುಖ್ಯ. 1 ಪಿಪಿಎಂ ಅಮೋನಿಯಾದಿಂದ ಸುಮಾರು 2.7 ಪಿಪಿಎಂ ನೈಟ್ರೈಟ್ ಹುಟ್ಟುತ್ತದೆ. ನನ್ನ ಕಿಟ್ಟಿನ ಬಣ್ಣದ ಪಟ್ಟಿ 5ಕ್ಕೇ ಮುಗಿಯುತ್ತದೆ. ನೀರಲ್ಲಿ 6 ಇದ್ದರೂ ನೇರಳೆ, 30 ಇದ್ದರೂ ನೇರಳೆ. ಇಳಿಯುತ್ತಿದೆಯೋ ಇಲ್ಲವೋ ತಿಳಿಯಬೇಕಾದರೆ ಒಂದು ಪಾಲು ಟ್ಯಾಂಕ್ ನೀರಿಗೆ ಒಂಬತ್ತು ಪಾಲು ಡಿಐ ನೀರು ಸೇರಿಸಿ, ಬಂದದ್ದನ್ನು ಹತ್ತರಿಂದ ಗುಣಿಸಿ. ನನಗೆ 20ರ ಹತ್ತಿರ ಬಂತು. ದಿನ ಬಿಟ್ಟು ದಿನ ನೋಡಿದರೂ ಅಷ್ಟೇ. ಅಂದರೆ ನಿಜವಾಗಿಯೂ ನಿಂತುಹೋಗಿದೆ.

ಮೊದಲು ಆಲ್ಕಲಿನಿಟಿ, ಅಂದರೆ ಪಿಎಚ್ ಬೀಳದಂತೆ ತಡೆಯುವ ನೀರಿನ ಶಕ್ತಿ, ನೋಡಿದೆ. ಅಮೋನಿಯಾ ನೈಟ್ರೈಟ್ ಆಗುವಾಗ ಅದನ್ನು ತಿನ್ನುತ್ತದೆ: 2 ಪಿಪಿಎಂ ಅಮೋನಿಯಾಗೆ ಹೆಚ್ಚುಕಡಿಮೆ 0.65 ಡಿಕೆಎಚ್ (ಆಲ್ಕಲಿನಿಟಿಯ ಅಳತೆ). ಸ್ವಲ್ಪ ಇಳಿದಿತ್ತು. 100 ಲೀಟರಿಗೆ 3 ಗ್ರಾಂ ಅಡುಗೆ ಸೋಡಾ ಹಾಕಿದರೆ 1 ಡಿಕೆಎಚ್ ಏರುತ್ತದೆ, ಹಾಗೆ ಸರಿ ಮಾಡಿದೆ. ನೈಟ್ರೈಟ್ ಅಲ್ಲೇ. ಏರ್ ಸ್ಟೋನ್ ಜಾಸ್ತಿ ಮಾಡಿದೆ. ಅಲ್ಲೇ. ಇನ್ನೊಂದು ಬಾಟಲಿ ಬ್ಯಾಕ್ಟೀರಿಯಾ ಕೊಳ್ಳಿ ಅಂತ ಅಂಗಡಿಯವರು ಹೇಳಿದರು. ಹೇಳದೆ ಇರುತ್ತಾರಾ!

ಕಾರಣ ಫಾಸ್ಫೇಟ್. ಅದು ಇಲ್ಲದೆ ಯಾವ ಜೀವಕೋಶವೂ ಬೆಳೆಯಲ್ಲ, ಬ್ಯಾಕ್ಟೀರಿಯಾವೂ ಅಷ್ಟೇ. ಆರ್‌ಒ-ಡಿಐ ನೀರಲ್ಲಿ ಅದಿಲ್ಲ. ಸಾಲ್ಟ್ ಮಿಕ್ಸಿನಲ್ಲಿ ಇಲ್ಲವೆಂಬಷ್ಟು ಕಡಿಮೆ. ಅಮೋನಿಯಂ ಕ್ಲೋರೈಡಿನಲ್ಲಿ ಇಲ್ಲ. ಎಲ್ಲಿಂದಾದರೂ ಒಂಚೂರು ಬಂದರೂ ಹೊಸ ಅರಗೊನೈಟ್ (ಸುಣ್ಣದ ಅಂಶದ) ಮರಳು ಅದನ್ನು ಹೀರಿಟ್ಟುಕೊಳ್ಳುತ್ತದೆ. ಬ್ಯಾಕ್ಟೀರಿಯಾಕ್ಕೆ ಬರೀ ಅನ್ನ ಬಡಿಸಿ ಸಾರು ಕೊಡದೆ ಕೂರಿಸಿದ ಹಾಗಾಗಿತ್ತು. ಈ ಕೊರತೆ ಹೆಚ್ಚು ಕಾಡುವುದು ನೈಟ್ರೈಟ್ ತಿನ್ನುವ ಗುಂಪನ್ನೇ. ಸಿಗಡಿ ಕೊಳೆಸುವ ಹಳೆ ಪದ್ಧತಿಯವರಿಗೆ ಈ ತೊಂದರೆ ಬರುವುದು ಅಪರೂಪ, ಯಾಕೆಂದರೆ ಕೊಳೆಯುವ ಸಿಗಡಿಯಿಂದ ಅಮೋನಿಯಾ ಜೊತೆ ಫಾಸ್ಫೇಟೂ ಸಿಗುತ್ತದೆ. ಗೆಳೆಯನ ಕಲರಿಮೀಟರ್ (ಬಣ್ಣ ಅಳೆದು ಅಂಕಿ ತೋರಿಸುವ ಉಪಕರಣ) ತಂದು ಫಾಸ್ಫೇಟ್ ನೋಡಿದೆ. 0.00.

ಮದ್ದು ಸಿಕ್ಕಿದ್ದು ಗೊಬ್ಬರದ ಅಂಗಡಿಯಲ್ಲಿ! ದ್ರಾಕ್ಷಿ, ದಾಳಿಂಬೆ ಬೆಳೆಯುವವರಿಗೆಲ್ಲ ಗೊತ್ತಿರುವ 0:52:34, ಅಂದರೆ ಮೋನೋ ಪೊಟ್ಯಾಷಿಯಂ ಫಾಸ್ಫೇಟ್. 1 ಲೀಟರ್ ಡಿಐ ನೀರಿಗೆ 1.43 ಗ್ರಾಂ ಕರಗಿಸಿದೆ. ಅದರಲ್ಲಿ 10 ಮಿಲಿ ಹಾಕಿದರೆ 100 ಲೀಟರಿನಲ್ಲಿ ಫಾಸ್ಫೇಟ್ 0.1 ಪಿಪಿಎಂ ಏರುತ್ತದೆ. ಮೊದಲ ಸಲ ಹಾಕಿದ್ದು ಬೆಳಗಾಗುವುದರಲ್ಲಿ ಮಾಯ, ಮರಳು ಕುಡಿದುಬಿಟ್ಟಿತ್ತು. ಮತ್ತೆ ಹಾಕಿದೆ, ಮತ್ತೆ ನೋಡಿದೆ. 0.05ರ ಆಸುಪಾಸಿನಲ್ಲಿ ನಿಲ್ಲುವ ತನಕ ಬಿಡಲಿಲ್ಲ.

ಆಮೇಲೆ ನಡೆದದ್ದು ನೋಡಲು ಖುಷಿ. ಬಿಳಿ ಕಾರ್ಡಿನ ಮೇಲೆ ಟ್ಯೂಬ್ ಇಟ್ಟು ಮೇಲಿಂದ ನೋಡಿದರೆ ಮೊದಲು ನೇರಳೆಯ ಅಂಚಿನಲ್ಲಿ ನೀಲಿ ಕಾಣಿಸಿತು. 20 ಇದ್ದದ್ದು 10, ಹತ್ತಿದ್ದದ್ದು 2. ಕೊನೆಗೆ ನೀರು ಬೆರೆಸದೆ ಮಾಡಿದರೂ ತಿಳಿ ನೀಲಿ.

ಸಮುದ್ರದ ನೀರಲ್ಲಿ ಕ್ಲೋರೈಡ್ ಹೇರಳವಾಗಿದೆ, ಅದು ನೈಟ್ರೈಟ್ ಮೀನಿನ ಕಿವಿರೊಳಗೆ ಹೋಗದಂತೆ ತಡೆಯುತ್ತದೆ, ಹಾಗಾಗಿ ಸುಮ್ನೆ ಮೀನು ಬಿಡಬಹುದಿತ್ತು ಅನ್ನುವವರಿದ್ದಾರೆ. ಮಾತು ಸರಿಯೇ. ಆದರೂ ಫಾಸ್ಫೇಟ್ ಇಲ್ಲದೆ ಸೊರಗಿದ ಟ್ಯಾಂಕಿಗೆ ಮೀನು ಬಿಡಲು ನನಗೆ ಮನಸ್ಸು ಬರಲ್ಲ.

ಈ ಫಾಸ್ಫೇಟ್ ದ್ರಾವಣ ಇನ್ನೂ ಮುಕ್ಕಾಲು ಲೀಟರ್ ಉಳಿದಿದೆ. ಅದನ್ನು ನೋಡುತ್ತಾ ಮುಂದಿನ ಪ್ರಾಜೆಕ್ಟ್ ತಲೆಗೆ ಹತ್ತಿದೆ: ಖಾಲಿ ಸೋಡಾ ಬಾಟಲಿಗಳಲ್ಲಿ ನ್ಯಾನೋಕ್ಲೋರಾಪ್ಸಿಸ್ ಅನ್ನುವ ಸೂಕ್ಷ್ಮ ಪಾಚಿ ಬೆಳೆಸುವುದು. ಆ ಹಸಿರು ನೀರಿಗೂ ಬೇಕಾದದ್ದು ನೈಟ್ರೇಟ್, ಫಾಸ್ಫೇಟ್. ಅದನ್ನು ತಿಂದು ರೋಟಿಫರ್ ಅನ್ನುವ ಸೂಕ್ಷ್ಮ ಜೀವಿ ಬೆಳೆಯುತ್ತದೆ, ರೋಟಿಫರ್ ತಿಂದು ಕ್ಲೌನ್ ಮೀನಿನ ಮರಿ. ಕೇಂದ್ರೀಯ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯವರು ಕ್ಲೌನ್ ಮೀನುಗಳನ್ನು ಹ್ಯಾಚರಿಯಲ್ಲಿ ಮರಿ ಮಾಡಿಸಿ ತೋರಿಸಿದ್ದಾರೆ. ಮನೆಯಲ್ಲೂ ಆಗಬೇಕು. ಬಾಲ್ಕನಿಯಲ್ಲಿ ಜಾಗ ಅಳೆದಾಗಿದೆ.

ಸದ್ಯಕ್ಕೆ ಟ್ಯಾಂಕಿಗೆ ವಾಪಸ್. ನೈಟ್ರೈಟ್ ಇದ್ದಷ್ಟು ದಿನ ನೈಟ್ರೇಟ್ ಕಿಟ್ ಸುಳ್ಳು ಹೇಳುತ್ತದೆ, ಎರಡನ್ನೂ ಸೇರಿಸಿ ತೋರಿಸುತ್ತದೆ. ಈಗಷ್ಟೇ ಅದನ್ನು ನಂಬಬಹುದು. ನೈಟ್ರೇಟ್ ಪಟ್ಟಿಯ ಮೇಲಿನ ತುದಿಯಲ್ಲಿದೆ. ಭಾನುವಾರ ಅರ್ಧ ನೀರು ಬದಲಿಸುತ್ತೇನೆ. 50 ಲೀಟರ್ ಡಿಐ ಹಿಡಿಯಲು ಡ್ರಮ್ ಈಗಲೇ ಇಟ್ಟಿದ್ದೇನೆ. ಆಮೇಲೆ ಮತ್ತೊಮ್ಮೆ 2 ಪಿಪಿಎಂ ಅಮೋನಿಯಾ ಹಾಕಿ, ಮಾರನೆಯ ದಿನ ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆ ಬಂದರೆ ಹ್ಯಾಚರಿಯ ಒಸೆಲ್ಲಾರಿಸ್ ಕ್ಲೌನ್ ಮೀನಿನ ಜೋಡಿಗೆ ಆರ್ಡರ್. ಎರಡೂ ಒಂದೇ ಗಾತ್ರ ಬೇಡ, ಒಂದು ದೊಡ್ಡದು ಒಂದು ಚಿಕ್ಕದು ಇದ್ದರೆ ಜೋಡಿಯಾಗುವುದು ಸುಲಭ.