ಹಾಲು ಬೇಡ, ಕತ್ತಲು ಸಾಕು

ಪಕ್ಕದ ಮನೆಯ ನಾಯಿಯ ಬಾಯಿಂದ ಬಿಡಿಸಿದ ಅಳಿಲು ಈಗ ರಟ್ಟಿನ ಪೆಟ್ಟಿಗೆಯಲ್ಲಿ, ಹಳೆಯ ಟವೆಲಿನ ಮೇಲೆ ಮಲಗಿದೆ. ಸುದ್ದಿ ತಿಳಿದವರೆಲ್ಲರದೂ ಒಂದೇ ಸಲಹೆ: “ಸ್ವಲ್ಪ ಹಾಲು ಕುಡಿಸಿ.” ದಯವಿಟ್ಟು ಬೇಡ. ಆಘಾತದಲ್ಲಿರುವ ಪ್ರಾಣಿಯ ಬಾಯಿಗೆ ಏನು ಹನಿಸಿದರೂ ಅದು ಶ್ವಾಸಕೋಶಕ್ಕೆ ಇಳಿಯಬಹುದು. ಹಸುವಿನ ಹಾಲಂತೂ ಅಳಿಲಿನ ಹೊಟ್ಟೆಗೆ ಒಗ್ಗುವುದಿಲ್ಲ. ಅದಕ್ಕೆ ಬೇಕಿರುವುದು ಕತ್ತಲು, ನಿಶ್ಶಬ್ದ, ಒಂದಿಷ್ಟು ಬಿಸುಪು. ಬಟ್ಟೆ ಸುತ್ತಿದ ಬಿಸಿನೀರಿನ ಬಾಟಲಿಯನ್ನು ಪೆಟ್ಟಿಗೆಯ ಒಂದೇ ಬದಿಗೆ ಇಟ್ಟಿದ್ದೇನೆ. ಸೆಕೆಯಾದರೆ ಆಚೆ ಸರಿಯಲು ಜಾಗವಿರಬೇಕಲ್ಲ.

ಮೇಲ್ನೋಟಕ್ಕೆ ಗಾಯವೇ ಇರಲಿಲ್ಲ. ಪಕ್ಕೆಯ ರೋಮ ಒಂದೆಡೆ ಒದ್ದೆಯಾಗಿ ಅಂಟಿಕೊಂಡಿತ್ತು. ಮೆಲ್ಲಗೆ ಸರಿಸಿ ನೋಡಿದರೆ ಸೂಜಿ ಚುಚ್ಚಿದಷ್ಟೇ ಸಣ್ಣ ತೂತು. ಮೋಸ ಮಾಡುವುದು ಇಂಥ ತೂತುಗಳೇ! ಹೊರಗೆ ಚರ್ಮ ಕೂಡಿಕೊಂಡರೂ ನಾಯಿಯ ಜೊಲ್ಲಿನ ಬ್ಯಾಕ್ಟೀರಿಯಾ ಒಳಗೊಳಗೇ ಕೀವು ಕಟ್ಟಿಸಬಹುದು. ಹಾಗಾಗಿ “ಚೆನ್ನಾಗಿಯೇ ಇದೆ, ಮರಕ್ಕೆ ಬಿಟ್ಟುಬಿಡಿ” ಎನ್ನುವ ಮಾತಿಗೂ ನಾನು ಕಿವಿಗೊಡಲಿಲ್ಲ. ಪಶುವೈದ್ಯರೇ ನೋಡಿ ಆಂಟಿಬಯಾಟಿಕ್ ಕೊಡಲಿ; ನಮ್ಮ ಮಾತ್ರೆಯನ್ನೇ ಮುರಿದು ತಿನ್ನಿಸುವ ಸಾಹಸ ಯಾರಿಗೂ ಬೇಡ.

ದಪ್ಪ ಬಟ್ಟೆಯಲ್ಲಿ ಎತ್ತಿಕೊಂಡರೂ ನನ್ನ ಬೆರಳನ್ನೇ ಹುಡುಕಿ ಕಚ್ಚಲು ನೋಡಿತು. ಅದರ ಲೆಕ್ಕದಲ್ಲಿ ನಾಯಿಯೂ ನಾನೂ ಒಂದೇ ಪಂಗಡ: ಒಬ್ಬ ಬಿಟ್ಟ, ಇನ್ನೊಬ್ಬ ಹಿಡಿದ. ಉಪಕಾರ ಮಾಡುತ್ತಿದ್ದೇನೆಂಬ ನನ್ನ ಹೆಮ್ಮೆ ಅದಕ್ಕೇಕೆ ಬೇಕು? ಆ ನಾಯಿಯೋ, ದೊಡ್ಡ ಕೆಲಸ ಮಾಡಿದವನಂತೆ ಬಾಲ ಆಡಿಸುತ್ತಾ ಶಹಭಾಸ್‌ಗಿರಿಗೆ ಕಾಯುತ್ತಿತ್ತು.

ವೈದ್ಯರು ಈಗಲೇ ಕರೆತನ್ನಿ ಎಂದಿದ್ದಾರೆ. ಹೊರಟೆ.